ಅ ಖರಾಬು

ಎಂಬತ್ತಮೂರರ ಏಪ್ರಿಲ್. ಬೈತಖೋಲದ ಏರು.
ಸರಪಳಿಯ ಒಂದು ತುದಿ ನನ್ನ ಕೈಲಿ,
ಇನ್ನೊಂದು ಜಟ್ಟು ಗೌಡನ ಕೈಲಿ.
ಎದುರಿಗೆ ಕೇದಗೆಯ ಗೋಡೆ, ಅದರಾಚೆ
ಏನೋ ಕಲ್ಲುಗಳು.
'ಒಳಗೆ ಹಾವಿರ್ತದೆ ಒಡೆಯಾ' ಅಂದ.
ಹಸಿವಾಗಿತ್ತು. ಡಬ್ಬಿಯಲ್ಲಿ ಬಂಗಡೆಯ ಸಾರು.
ಗೇರುಮರದ ನೆರಳಲ್ಲಿ ನಿಂತೇ ಬರೆದೆ:
ಹನ್ನೊಂದು ಗುಂಟೆ, ಖರಾಬು.

ಖರಾಬಿನಲ್ಲಿ ಎರಡು ಬಗೆ.
ಅ ಎಂದರೆ ಉಳಲು ಬಾರದ್ದು,
ಪಹಣಿಯ ಮಾಲೀಕನಿಗೇ ಸೇರಿದ್ದು.
ಬ ಎಂದರೆ ಎಲ್ಲರದು:
ದಾರಿ, ಹಳ್ಳ, ಕೆರೆ, ಸತ್ತವರ ಜಾಗ.

ನಾನು ಅ ಬರೆದೆ.
ಶಾಲೆಯಲ್ಲಿ ಮೊದಲು ಕಲಿತ ಅಕ್ಷರ, ಕೈಗೆ ಸಲೀಸು.
ಕೆಳಗೆ ಸಹಿ: ವಿ. ಎಸ್. ಕಲ್ಗುಟ್ಕರ್, ಭೂಮಾಪಕ.
ಆಮೇಲೆ ಊಟ ಮಾಡಿದೆವು.

*

ಈಗ ಆ ಏರಿನಲ್ಲಿ ಕೆಂಪು ಬಾವುಟ.
'ಸಮುದ್ರ ಕಾಣುವ ನಲವತ್ತು ನಿವೇಶನ'
ಎಂದು ಫಲಕ. ಜೇಸೀಬಿ ಕೇದಗೆಯನ್ನು
ಬೇರುಸಹಿತ ಎತ್ತಿ ಮಗ್ಗುಲಿಗೆ ಮಲಗಿಸಿದೆ.
ನಾನು ಮೊದಲ ಸಲ ಒಳಗೆ ಹೋದೆ,
ಮಂಡಿಯ ನೋವಿನ ಜೊತೆ, ನಲವತ್ತು ವರ್ಷ ತಡವಾಗಿ.

ಇಪ್ಪತ್ತಾರು ಕಲ್ಲು. ಎಣಿಸಿದೆ, ಮತ್ತೆ ಎಣಿಸಿದೆ.
ಕಾರವಾರ ಇನ್ನೂ ಕಾರವಾರವಾಗದ ಕಾಲದವರು:
ಘಟ್ಟದಿಂದ ಹತ್ತಿಯ ಅಂಡಿಗೆ ಇಳಿಸಿದವರು,
ಧಕ್ಕೆಗೆ ಮೊದಲ ಕಲ್ಲು ನೀರಿಗೆ ಹಾಕಿ
ಅದರ ಹಿಂದೆಯೇ ಜ್ವರಕ್ಕೆ ಜಾರಿದವರು.
ಒಬ್ಬ ಇನಾಸ್, ಹಡಗಿನ ಬಡಗಿ;
ಅವನ ಕಲ್ಲಿನ ಮೇಲೆ ಉಳಿ, ಕೊಡತಿ ಕೆತ್ತಿದೆ,
ಅಲ್ಲಿ ಕೂಡ ಕೆಲಸ ಸಿಕ್ಕೀತೆಂಬಂತೆ.
ಒಬ್ಬ ಅರಬ್ಬಿ ಖಲಾಸಿ; ತಲೆಗಲ್ಲು ಮಾತ್ರ, ಹೆಸರಿಲ್ಲ.
ಮೂಲೆಯಲ್ಲಿ ಮೊಳದುದ್ದದ್ದೊಂದು:
ರೆಬೇಕಾ, ಎರಡು ತಿಂಗಳು ಒಂಬತ್ತು ದಿನ.

ಆ ಒಂಬತ್ತು ದಿನವನ್ನೂ ಬಿಡದೆ
ಅಳೆದಿಟ್ಟ ಅಪ್ಪ ಯಾರೋ,
ನನಗಿಂತ ಒಳ್ಳೆಯ ಮೋಜಣಿದಾರ.

*

ತಹಶೀಲ್ದಾರ ಕಚೇರಿಯ ಹುಡುಗ ಸಭ್ಯ.
'ತಿದ್ದುಪಡಿಗೆ ಆಧಾರ ಬೇಕು ಸರ್.'
ನನ್ನ ತಪ್ಪೇ ಆಧಾರ, ಅಂದೆ.
'ಅದಕ್ಕೆ ನಮೂನೆ ಇಲ್ಲ' ಅಂದ.
ನೋಡಿದೆ. ನಿಜ. ಗೋಡೆಯ ಮೇಲೆ
ಹದಿನೇಳು ನಮೂನೆಗಳ ಪಟ್ಟಿ:
ಹಕ್ಕು ಬದಲಾವಣೆ, ಪೋಡಿ, ಹದ್ದುಬಸ್ತು...
ತಪ್ಪೊಪ್ಪಿಗೆ ಎಲ್ಲೂ ಇಲ್ಲ.
ಬಿಳಿ ಹಾಳೆಯಲ್ಲಿ ಬರೆದುಕೊಟ್ಟೆ. ಠಸ್ಸೆ ಬಿತ್ತು.
ವಿಚಾರಣೆ ಮುಂದಿನ ತಿಂಗಳ ಹದಿನಾಲ್ಕಕ್ಕೆ.
ಜೇಸೀಬಿಗೆ ತಾರೀಖು ಇರುವುದಿಲ್ಲ.

*

ಅಗಲದ ಕಲ್ಲಿನ ಮೇಲೆ ಶೇವಂತಿ ತಾಂಡೇಲ್
ಸಿಗಡಿ ಒಣಗಿಸುತ್ತಾಳೆ.
ಅವಳ ಅತ್ತೆಯೂ ಅಲ್ಲೇ, ಅತ್ತೆಯ ಅತ್ತೆಯೂ.
ಬೇರೆ ಬಂಡೆಯಲ್ಲಿ ಇರುವೆ ಮುತ್ತುತ್ತವಂತೆ,
ಇದು ಮಾತ್ರ ಕಾಯುತ್ತದಂತೆ.
ಮೊದಲ ಬುಟ್ಟಿಯಿಂದ ಒಂದು ಹಿಡಿ
ಕಲ್ಲಿನ ತಲೆದೆಸೆಗೆ ಇಟ್ಟು ಬಿಡುತ್ತಾಳೆ.
ಯಾರಿಗೆ ಅಂದೆ.
'ಮಲಗಿದವನಿಗೆ. ಬಾಡಿಗೆ ಕೊಡಬೇಕಲ್ಲ.'

ಇದನ್ನು ಯಾವ ಕಲಮಿನಲ್ಲಿ ಬರೆಯಲಿ?
ಅನುಭೋಗದ ಕಲಮೊಂದಿದೆ; ಅಲ್ಲಿ
ಉಳುವವನ ಹೆಸರು ಬರೆಯುತ್ತಾರೆ.
ಉಣಿಸುವವಳದು ಬರೆಯುವುದಿಲ್ಲ.

ಇದ್ದಿಲು, ಬೆಣ್ಣೆಕಾಗದ ತಂದಿದ್ದೆ.
ಅವಳು ಸಿಗಡಿ ಸರಿಸಿ ಕೊಟ್ಟಳು.
ಉಜ್ಜಿದೆ. ಹೆಸರು ಏಳಲಿಲ್ಲ;
ಒಂದು ಲಂಗರು ಎದ್ದಿತು, ಅದರ ಕೆಳಗೆ
ಉಪ್ಪು ತಿಂದು ಉಳಿಸಿದ ಅರ್ಧ ಇಸವಿ.
ಕಾಗದಕ್ಕೆಲ್ಲ ಮೀನಿನ ವಾಸನೆ.
ಹದಿನಾಲ್ಕಕ್ಕೆ ಇದನ್ನೇ ಮೇಜಿನ ಮೇಲೆ ಹರಡುತ್ತೇನೆ.
ಮೂಗು ಮುಚ್ಚಿಕೊಳ್ಳಲಿ.

ಸಂಜೆ, ಹಳೇ ಅಭ್ಯಾಸ,
ಗಡಿಕಲ್ಲಿಗೆ ಸುಣ್ಣದಲ್ಲಿ ಬರೆದೆ: ಬ.
ಕಾನೂನಿನ ಕಣ್ಣಿಗೆ ಅದು ಬರೀ ಸುಣ್ಣ.
ಕೈ ನಡುಗಿ ಹೊಟ್ಟೆಯ ಗೆರೆ ಸೊಟ್ಟಗಾಯಿತು.
ಶೇವಂತಿ ಬುಟ್ಟಿ ಸೊಂಟಕ್ಕೇರಿಸಿ ನೋಡಿದಳು,
ಎರಡನೇ ಇಯತ್ತೆಯ ಓದು, ಅಕ್ಷರ ಕೂಡಿಸುವ ತುಟಿ.
'ಬ... ನಮ್ಮ ಕೊಂಕಣಿಯಲ್ಲಿ ಬಸ ಅಂದ್ರೆ ಕೂತ್ಕೋ.
ಅಷ್ಟೇ ಅಲ್ವಾ ಬರ್ದಿದ್ದು?'

ಅಷ್ಟೇ, ಅಂದೆ.
ಅಂದು ಒಳಗೆ ಬಾರದ ಕಾಲು ಮಡಚಿ
ಇನಾಸನ ಪಕ್ಕದಲ್ಲಿ ಕೂತೆ.
ಕೆಳಗೆ ದೋಣಿಗಳು ದಡಕ್ಕೆ ಬರುತ್ತಿದ್ದವು.
ಕಲ್ಲು ಇನ್ನೂ ಬಿಸಿಯಿತ್ತು.